ಪಟ್ಟಾಯಕ್ಕೆ ಹೋಗಿ ಸಿಸ್ಟರ್‌ಗಳನ್ನು ನೋಡಿ ಬಂದ ನನ್ನ ಅನುಭವ

"ಪಟ್ಟಾಯಕ್ಕೆ ಹೋಗ್ತಾ ಇದ್ದೀವಿ, ಸಿಸ್ಟರ್‌ಗಳನ್ನು ನೋಡೋಕೆ" ಅಂತ ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹೇಳಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ನಾನು ಹೇಳಿದ್ದು ಕ್ರೈಸ್ತ ಸನ್ಯಾಸಿನಿಯರನ್ನು, ಆದರೆ ಥಾಯ್ಲೆಂಡಿನ ಪಟ್ಟಾಯ ಅಂದರೆ ಬಾರ್‌ಗಳ ಊರಲ್ವಾ. "ಯಾವ ಸಿಸ್ಟರಪ್ಪಾ ಅದು?" ಅಂದರು ಒಬ್ಬ ಹಿರಿಯರು. ನನ್ನ ಹೆಂಡತಿಯೂ ಬರ್ತಾಳೆ ಅಂದ ಮೇಲೂ ಅವರ ಅನುಮಾನ ಹೋಗಲಿಲ್ಲ. ಈಗ ಅದೇ ಜನ ಮುಂದಿನ ಪ್ರವಾಸ ಯಾವಾಗ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವೇಳಾಂಕಣಿಗೆ ಬಸ್ಸು ಮಾಡಿ, ತಲೆ ಎಣಿಸಿ, ಊಟಕ್ಕೆ ಹೇಳಿ ಅಭ್ಯಾಸ ಇರುವವರಿಗೆ ನಾನು ಯಾತ್ರೆ ನಡೆಸುವುದನ್ನು ಹೇಳಿಕೊಡಬೇಕಿಲ್ಲ. ಆದರೆ ಹೊರದೇಶದ ಕಾನ್ವೆಂಟಿನ, ಅಂದರೆ ಸಿಸ್ಟರ್‌ಗಳ ಮಠದ, ಬಾಗಿಲು ತೆರೆಸುವುದು ಬೇರೆಯೇ ಕೆಲಸ. ಅದರಲ್ಲಿ ನಾನು ಎರಡು ಸಲ ಸೋತೆ. ಮೊದಲನೆಯದು ಯುರೋಪಿನ ಪ್ಯಾಕೇಜು, ತಲೆಗೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ. ಕಾನ್ವೆಂಟ್ ಭೇಟಿ ಅಂತ ಕಾಗದದಲ್ಲೇನೋ ಇತ್ತು. ಬಸ್ಸು ಗೇಟಿನ ಮುಂದೆ ಇಪ್ಪತ್ತು ನಿಮಿಷ ನಿಂತಿತು, ಒಳಗೆ ಪ್ರಾರ್ಥನೆ ನಡೀತಾ ಇತ್ತು, ನಾವು ಕಾಂಪೌಂಡ್ ಗೋಡೆ ನೋಡಿಕೊಂಡು ಬಂದೆವು. ಎರಡನೇ ಸಲ ಏಜೆಂಟರೇ ಬೇಡ ಅಂತ ನಾನೇ ಐದಾರು ದೇಶಗಳ ಕಾನ್ವೆಂಟುಗಳಿಗೆ ಈಮೇಲ್ ಹಾಕಿದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಯಾಕೆ ಬರೀಬೇಕು ಹೇಳಿ? ಗುರುತಿಲ್ಲದವನೊಬ್ಬ ನಲವತ್ತು ಜನರನ್ನು ಕರ್ಕೊಂಡು ಬರ್ತೀನಿ ಅಂದರೆ ನನ್ನ ಸ್ವಂತ ಅಕ್ಕನೇ ಮನೆಗೆ ಬೀಗ ಹಾಕಿಕೊಂಡು ಹೋಗ್ತಾಳೆ. ಉತ್ತರ ಬರುತ್ತೆ ಅನ್ನೋ ಧೈರ್ಯದಲ್ಲಿ ಟಿಕೆಟಿಗೆ ಕೊಟ್ಟಿದ್ದ ಅಡ್ವಾನ್ಸು, ಮೂವತ್ತು ಸಾವಿರದ ಮೇಲೆ, ಹಾಗೇ ಮುಳುಗಿತು. ಅದು ನನ್ನ ಕೈಯಿಂದ ಹೋದದ್ದು, ಚರ್ಚಿನ ದುಡ್ಡಲ್ಲ.

ದಾರಿ ಇದ್ದದ್ದು ನಮ್ಮೂರಲ್ಲೇ. ನಾನು ಹುಟ್ಟಿದ್ದು ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯಲ್ಲಿ. 1886ರಲ್ಲಿ ಅದನ್ನು ಶುರು ಮಾಡಿದವರು ಗುಡ್ ಶೆಫರ್ಡ್ ಸಿಸ್ಟರ್‌ಗಳು. ಅವರು ಬೆಂಗಳೂರಿಗೆ ಬಂದದ್ದು ಇನ್ನೂ ಮೊದಲು, 1854ರಲ್ಲಿ. ಫ್ರಾನ್ಸಿನ ಆಂಜೆ ಊರಿನಲ್ಲಿ ಸಂತ ಮೇರಿ ಯುಫ್ರೇಸಿಯಾ ಕಟ್ಟಿದ ಸನ್ಯಾಸಿನಿಯರ ಸಂಘ ಅವರದು. ಅದೇ ಸಂಘದವರು 1988ರಿಂದ ಪಟ್ಟಾಯದಲ್ಲಿ ಫೌಂಟನ್ ಆಫ್ ಲೈಫ್ ಅನ್ನುವ, ಹೆಣ್ಣುಮಕ್ಕಳಿಗೆ ಕೆಲಸ ಕಲಿಸುವ ಕೇಂದ್ರ ನಡೆಸುತ್ತಿದ್ದಾರೆ. ಅಮೆರಿಕದ ಸೈನಿಕರು ವಿಯೆಟ್ನಾಂ ಯುದ್ಧದ ನಡುವೆ ರಜೆ ಕಳೆಯೋಕೆ ಬಂದು ಬಂದು ಆ ಮೀನುಗಾರರ ಹಳ್ಳಿ ಬಾರ್‌ಗಳ ಊರಾಯಿತು. ಥಾಯ್ಲೆಂಡಿನ ಈಶಾನ್ಯದ ಬಡ ಹಳ್ಳಿಗಳಿಂದ ಹೆಣ್ಣುಮಕ್ಕಳು ದುಡಿಯೋಕೆ ಅಲ್ಲಿಗೆ ಬರ್ತಾರೆ. ಸಿಸ್ಟರ್‌ಗಳು ಇರಬೇಕಾದದ್ದೇ ಅಲ್ಲಿ, ಅಲ್ವಾ?

ಹಾಗಾಗಿ ಈ ಸಲ ನೇರ ಈಮೇಲ್ ಇಲ್ಲ. ಇಲ್ಲಿನ ಸಿಸ್ಟರ್ ಒಬ್ಬರ ಹತ್ತಿರ ಹೋಗಿ ಕೂತೆ, ಮೂರು ಸಲ. ಮೂರನೇ ಸಲಕ್ಕೆ ಅವರು ಅಲ್ಲಿಗೆ ಒಂದು ಮಾತು ಹಾಕಿದರು, ನಮ್ಮ ಫಾದರ್ ಒಂದು ಪತ್ರ ಕೊಟ್ಟರು. ಗುಂಪನ್ನು ನಲವತ್ತರಿಂದ ಆರಕ್ಕೆ ಇಳಿಸಿದೆ. ನನ್ನ ಪತ್ರದಲ್ಲಿ ಒಂದು ಸಾಲು ಸೇರಿಸಿದ್ದೆ, ಮೂರು ವಾರದೊಳಗೆ ಉತ್ತರ ಬಂತು. ಆ ಸಾಲು ಏನು ಅಂತ ಮಾತ್ರ ಕೇಳಬೇಡಿ, ಇಲ್ಲಿ ಬರೆದರೆ ನಾಳೆ ಎಲ್ಲರೂ ಅದನ್ನೇ ಕಾಪಿ ಮಾಡ್ತೀರಿ.

ದುಡ್ಡಿನ ವಿಷಯ. ನಾವು ಹೋದದ್ದು 2024ರ ಫೆಬ್ರವರಿಯಲ್ಲಿ, ಆಗಷ್ಟೇ ಥಾಯ್ಲೆಂಡ್ ನಮ್ಮವರಿಗೆ ವೀಸಾ ಬೇಡ ಅಂದಿತ್ತು. ಬೆಂಗಳೂರಿನಿಂದ ಬ್ಯಾಂಕಾಕಿಗೆ ಹೋಗಿ ಬರೋಕೆ ಹತ್ತೊಂಬತ್ತು ಸಾವಿರವೋ ಇಪ್ಪತ್ತೋ. ಸುವರ್ಣಭೂಮಿ ಏರ್‌ಪೋರ್ಟಿನ ಕೆಳಗಿನಿಂದಲೇ ಪಟ್ಟಾಯಕ್ಕೆ ಬಸ್ಸಿದೆ, ನಾವು ಹೋದಾಗ ಸುಮಾರು 140 ಬಾತ್ ಇತ್ತು, ಟ್ಯಾಕ್ಸಿಯವರ ಮಾತು ಕೇಳಬೇಡಿ. ಊರೊಳಗೆ ಸಾಂಗ್‌ಥ್ಯೂ ಅಂತ ನಮ್ಮ ಟೆಂಪೋ ಥರದ್ದು ಓಡುತ್ತೆ, ಆಗ ಹತ್ತು ಬಾತ್ ಕೊಟ್ಟು ಹತ್ತಿದರಾಗುತ್ತಿತ್ತು. ಐದು ರಾತ್ರಿ ಉಳಿದು, ತಿಂದು, ಎಲ್ಲ ಸೇರಿ ತಲೆಗೆ ನಲವತ್ತು ಸಾವಿರ ದಾಟಲಿಲ್ಲ. ಇದೇ ಊರಿಗೆ ಒಬ್ಬ ಏಜೆಂಟರು ಎಪ್ಪತ್ತೈದು ಹೇಳಿದ್ದರು, ಅದೂ ಸಿಸ್ಟರ್‌ಗಳಿಲ್ಲದೆ.

ಏನು ತರಬೇಕು ಅಂತ ಮೊದಲೇ ಕೇಳಿದ್ದೆ. ಏನೂ ಬೇಡ, ನಮ್ಮ ಹೆಣ್ಣುಮಕ್ಕಳು ಮಾಡಿದ್ದನ್ನು ಕೊಂಡುಕೊಳ್ಳಿ ಅಂದರು. ನಮ್ಮವರು ಕೇಳಬೇಕಲ್ಲ, ಎರಡು ಕೆಜಿ ಮೈಸೂರು ಪಾಕು ಕಟ್ಟಿಕೊಂಡು ಬಂದರು. ತುಪ್ಪ ಕರಗಿ ಒಂದೇ ಇಟ್ಟಿಗೆ ಆಗಿತ್ತು, ಚಾಕುವಿನಲ್ಲಿ ಕೆತ್ತಿ ಕೊಡಬೇಕಾಯಿತು. ನಾನು ಮಾತ್ರ ಸುಮ್ನೆ ಒಂದು ಪ್ರಯೋಗ ಅಂತ ಚಿಕ್ಕಪೇಟೆಯಿಂದ ರೇಷ್ಮೆ ಕಟ್‌ಪೀಸು ಒಯ್ದಿದ್ದೆ, ಮೂರೂವರೆ ಕೆಜಿ, ಎರಡು ಸಾವಿರದೊಳಗೆ. ಅಲ್ಲಿ ಹೊಲಿಗೆ ಕಲಿಸ್ತಾರೆ, ಕೂದಲು ಕತ್ತರಿಸೋದು, ಕಂಪ್ಯೂಟರ್, ಇಂಗ್ಲಿಷ್ ಎಲ್ಲ ಇದೆ. ಹೊಲಿಗೆಯ ಮೇಜಿನ ಮೇಲೆ ಆ ಚೂರುಗಳನ್ನು ಸುರಿದಾಗ ಹುಡುಗಿಯರು ಜರಿ ಅಂಚನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು. ಎರಡನೇ ದಿನ ಹೋಗುವ ಹೊತ್ತಿಗೆ ನಾಲ್ಕು ಜಿಪ್ಪಿನ ಚೀಲ ತಯಾರಾಗಿದ್ದವು. ಮೈಸೂರು ಪಾಕಿನವರು ನನ್ನ ಮುಖವನ್ನೇ ನೋಡಲಿಲ್ಲ.

ಒಂದು ತಪ್ಪು ನನ್ನದೇ. ಇಂಗ್ಲಿಷ್ ಪಾಠ ನಡೀತಿತ್ತು, ಅಭ್ಯಾಸಬಲ, ಮೊಬೈಲ್ ತೆಗೆದೆ. ಒಬ್ಬಳು ತಟ್ಟನೆ ಪುಸ್ತಕ ಎತ್ತಿ ಮುಖ ಮುಚ್ಚಿಕೊಂಡಳು. ಸಿಸ್ಟರ್ ಬೈಯಲಿಲ್ಲ, ನನ್ನ ಕೈ ಮೇಲೆ ಕೈ ಇಟ್ಟು ಮೊಬೈಲನ್ನು ಜೇಬಿನ ಕಡೆ ಇಳಿಸಿದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಹೆಂಡತಿ ಹಾಗೆ ನನ್ನನ್ನು ನೋಡಿದ್ದು ಅದೇ ಮೊದಲು. ಆಮೇಲಿನ ಎರಡು ಗಂಟೆ ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿದೆ. ನಿಜ ಹೇಳಬೇಕಂದರೆ ಇಡೀ ಪ್ರವಾಸದಲ್ಲಿ ಜಾಸ್ತಿ ಮಾತು ಸಿಕ್ಕಿದ್ದು ಅಲ್ಲೇ. ಗೆಸ್ಟ್ ಅಂತ ಕುರ್ಚಿ ಮೇಲೆ ಕೂತವರಿಗೆ ಜ್ಯೂಸ್ ಸಿಗುತ್ತೆ, ಕತೆ ಸಿಗಲ್ಲ.

ಹೀಗಾಗಿ ತೋರಿಸೋಕೆ ನನ್ನ ಹತ್ತಿರ ಒಂದು ಫೋಟೋ ಕೂಡ ಇಲ್ಲ, ಆ ಹಿರಿಯರು ಅದನ್ನೂ ಎತ್ತಿ ಆಡಿದರು. ಜರಿ ಅಂಚಿನ ಚೀಲವನ್ನು ಅವರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಇದು ನಮ್ಮ ಚಿಕ್ಕಪೇಟೆ ಬಟ್ಟೆ ಅಲ್ವೇನೋ ಅಂದರು. ಮುಂದಿನ ಗುಂಪಿಗೂ ಆರೇ ಸೀಟು, ಮೊದಲ ಅಡ್ವಾನ್ಸು ಅವರದೇ.