ಹತ್ತಡಿ ಕೋಣೆಯಲ್ಲಿ ಪೋರ್ಟ್ರೇಟ್ ತೆಗೆಯುವ ಬಗೆ

ಶಿರಸಿಯಲ್ಲಿ ನನ್ನ ಸ್ಟುಡಿಯೋ ಅಂದರೆ 10 ಅಡಿ ಅಗಲ, 14 ಅಡಿ ಉದ್ದದ ಒಂದು ಕೋಣೆ. ಬಾಡಿಗೆಗೆ ಹಿಡಿದಾಗ ಗೋಡೆಗೆ ತಿಳಿ ಹಸಿರು ಬಣ್ಣ ಇತ್ತು. ಮೊದಲ ಆರು ತಿಂಗಳು ನಾನು ತೆಗೆದವರೆಲ್ಲ ಒಂದು ಕೆನ್ನೆಯಲ್ಲಿ ಜ್ವರದಿಂದ ಎದ್ದವರ ಹಾಗೆ ಕಾಣುತ್ತಿದ್ದರು. ರಾತ್ರಿ ಕೂತು ಫೋಟೋಶಾಪ್‌ನಲ್ಲಿ ಒಬ್ಬೊಬ್ಬರ ಕೆನ್ನೆ ಸರಿ ಮಾಡಿದೆ. ಕ್ಯಾಮೆರಾನೇ ಬದಲಿಸಬೇಕೇನೋ ಅಂದುಕೊಂಡಿದ್ದೆ. ತಪ್ಪು ಗೋಡೆಯದು! ಫ್ಲ್ಯಾಶ್ ಬೆಳಕು ಗೋಡೆಗೆ ಬಡಿದು, ಹಸಿರು ಹೊತ್ತುಕೊಂಡು ಮುಖಕ್ಕೆ ವಾಪಸ್ ಬರುತ್ತಿತ್ತು. ಸಣ್ಣ ಕೋಣೆ ಇದ್ದವರು ಲೈಟ್ ಕೊಳ್ಳುವ ಮೊದಲು ಗೋಡೆಗೆ ಬೂದು ಬಣ್ಣ ಹೊಡೆಸಿ. ಆಗದಿದ್ದರೆ ಕಪ್ಪು ಬಟ್ಟೆ ಇಳಿಬಿಡಿ.

ಆಮೇಲೆ ಒಂದು ಪರೀಕ್ಷೆ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) 100, ಶಟರ್ (ಬೆಳಕು ಒಳಗೆ ಬರುವ ಹೊತ್ತು) 1/125 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಇಟ್ಟು, ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಟ್ಯೂಬ್‌ಲೈಟೋ ಕಿಟಕಿಯೋ ಒಳಗೆ ಕೈ ಹಾಕುತ್ತಿದೆ ಎಂದರ್ಥ. ಶಟರ್ ವೇಗವನ್ನು ಜಾಸ್ತಿ ಏರಿಸಲು ಹೋಗಬೇಡಿ. ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಹೊಂದುವ ಅತಿ ಹೆಚ್ಚಿನ ಶಟರ್ ವೇಗ) ದಾಟಿದರೆ ಫೋಟೋದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ.

ನನ್ನ ಹತ್ತಿರ ಇರುವುದು ಒಂದೇ ದೊಡ್ಡ ಲೈಟ್, 2 ಅಡಿಗೆ 3 ಅಡಿಯ ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡಿ ಮೆತ್ತಗೆ ಮಾಡುವ ಬಟ್ಟೆಯ ಡಬ್ಬ) ಹಾಕಿದ್ದು. ಇನ್ನೊಂದು ಬದಿಗೆ, ಬೆಳಕನ್ನು ಮುಖಕ್ಕೆ ವಾಪಸ್ ಕಳಿಸಲು, ಬಿಳಿ ಥರ್ಮಾಕೋಲ್ ಶೀಟ್. ಸಾಕು. ಲೈಟನ್ನು ಮುಖದಿಂದ 3 ಅಡಿ ದೂರ, ಪಕ್ಕಕ್ಕೆ ಓರೆಯಾಗಿ, ಕಣ್ಣಿಗಿಂತ ಸ್ವಲ್ಪ ಮೇಲಿಡುತ್ತೇನೆ. ಸರಿ ಇದೆಯೋ ಇಲ್ಲವೋ ಅಂತ ಕಣ್ಣೇ ಹೇಳುತ್ತದೆ. ಕರಿಗುಡ್ಡೆಯಲ್ಲಿ ಬಿಳಿ ಹೊಳಪು ಗಡಿಯಾರದ 10 ಅಥವಾ 2ರ ಜಾಗದಲ್ಲಿ ಕೂತಿರಬೇಕು. ಹೊಳಪೇ ಕಾಣದಿದ್ದರೆ ಲೈಟ್ ತೀರಾ ಮೇಲೆ ಹೋಗಿದೆ.

ಲೈಟ್ ಹತ್ತಿರ ಇದ್ದಷ್ಟೂ ನೆರಳು ಮೆತ್ತಗೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬ್ಯಾಕ್‌ಡ್ರಾಪ್‌ನಲ್ಲಿ ನಾನು ದುಡ್ಡು ಉಳಿಸುವುದು ಇದೇ ಲೆಕ್ಕದಿಂದ. ಕೂತವರಿಗೆ ಲೈಟ್ 3 ಅಡಿ, ಅವರ ಹಿಂದೆ ಪರದೆ ಮತ್ತೆ 6 ಅಡಿ ಎಂದಿಟ್ಟುಕೊಳ್ಳಿ. ಪರದೆಗೆ ಲೈಟಿನಿಂದ 9 ಅಡಿ ಆಯಿತು, ಅಂದರೆ ಮುಖಕ್ಕೆ ಬೀಳುವ ಬೆಳಕಿನ ಒಂಬತ್ತನೇ ಒಂದು ಪಾಲು ಮಾತ್ರ. ಬಿಳಿ ಪರದೆ ಗಾಢ ಬೂದಾಗಿ ಬರುತ್ತದೆ! ಲೈಟನ್ನು ಹಿಂದೆ ಎಳೆದು ಪವರ್ ಏರಿಸಿದರೆ ಅದೇ ಪರದೆ ತಿಳಿಯಾಗುತ್ತದೆ. ಹಾಗಾಗಿ ಹತ್ತು ಬಣ್ಣದ ಪರದೆ ಬೇಡ, ಬಿಳಿಯದೊಂದು, ಬೂದು ಬಣ್ಣದ್ದೊಂದು ಸಾಕು. ಹಿನ್ನೆಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಬದಲಿಸಲು ಹಾಕುವ ಹಸಿರು ಕ್ರೋಮಾ ಪರದೆ ನನಗೆ ಇಷ್ಟವಿಲ್ಲ. ಕೂದಲಿನ ಅಂಚಿಗೆ ಹತ್ತಿದ ಹಸಿರು ತೆಗೆಯಲು ಕೂತರೆ ಕತ್ತಲಾಗುತ್ತದೆ.

ಪರದೆಯಾಗಿ ಇಳಿಬಿಡುವ ಪೇಪರ್ ರೋಲ್ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಚೆಂದ. ನಮ್ಮ ಮಳೆಗಾಲದಲ್ಲಿ ಥಂಡಿ ಹೀರಿ ಅಲೆಅಲೆಯಾಗುತ್ತದೆ. ಜೂನ್ ಬಂತೆಂದರೆ ನಾನು ರೋಲನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ದಪ್ಪ ಕಾಟನ್ ಬಟ್ಟೆ ಕಟ್ಟುತ್ತೇನೆ. ಸುಕ್ಕಿದ್ದರೆ ನೀರು ಚಿಮುಕಿಸಿ, ಬಿಗಿಯಾಗಿ ಎಳೆದು ಕ್ಲಿಪ್ ಹಾಕಿದರೆ ಆಯಿತು.

ಇನ್ನು ಬರುವ ಜನ. ಹಣೆಗೆ ತೆಂಗಿನೆಣ್ಣೆ ಇಳಿದಿದ್ದರೆ ಮೊದಲು ಟಿಶ್ಯೂ ಕೊಡಿ. ಆ ಹೊಳಪನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ದೊಡ್ಡ ತಲೆನೋವು. ಕನ್ನಡಕದಲ್ಲಿ ಲೈಟ್ ಕಂಡರೆ ಕಿವಿಯ ಹಿಂದಿನ ಕಡ್ಡಿಯನ್ನು ಒಂದು ಚೂರು ಮೇಲೆತ್ತಿ, ಗಾಜು ಕೆಳಗೆ ಬಾಗುತ್ತದೆ. ಜರಿ ಸೀರೆ, ಮೂಗುತಿ ಕಣ್ಣಿಗೆ ಹೊಡೆದರೆ ಸಾಫ್ಟ್‌ಬಾಕ್ಸನ್ನು ನೇರ ಮುಖಕ್ಕೆ ಬಿಡದೆ ಸ್ವಲ್ಪ ಆಚೆ ತಿರುಗಿಸಿ. ಅಂಚಿನ ಬೆಳಕು ಮೆತ್ತಗಿರುತ್ತದೆ.

ರೀಟಚಿಂಗ್ (ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದುವುದು) ನಾನು ಕಲಿತದ್ದು ಒಬ್ಬ ಅಜ್ಜನಿಂದ. ಅಡಿಕೆ ತೋಟದವರು, ಬಾಯಲ್ಲಿ ಎಲೆ-ಅಡಿಕೆಯ ಕವಳ. "ಗೋಡೆಗೆ ಹಾಕಲೆ ಒಂದು ಚಲೋ ಫೋಟೋ ಬೇಕು" ಅಂತ ಬಂದಿದ್ದರು. ನಾನು ಭಾರೀ ಹುರುಪಿನಿಂದ ಚರ್ಮವನ್ನೆಲ್ಲ ಬ್ಲರ್ ಮಾಡಿ, ಹಣೆಯ ಗೆರೆ ಅಳಿಸಿ, ತುಟಿಯ ಕೆಂಪು ತೆಗೆದು, 12ಕ್ಕೆ 18 ಇಂಚಿನ ಪ್ರಿಂಟ್ ಕೊಟ್ಟೆ. ಅಜ್ಜ ಬೆಳಕಿಗೆ ಹಿಡಿದು ನೋಡಿದರು. "ತಮಾ, ಇದು ಯಾರ ಫೋಟೋ?"

ಮತ್ತೆ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳದೆ. ಈಗ ನನ್ನ ಲೆಕ್ಕ ಹೀಗೆ: ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗೆಯುತ್ತೇನೆ. ಮೊಡವೆ, ಶೇವಿಂಗ್ ಗಾಯ, ಸೊಳ್ಳೆ ಕಚ್ಚಿದ್ದು. ಮಚ್ಚೆ, ಹಳೆ ಗಾಯದ ಗುರುತು, ಗೆರೆ ಇರಲಿ. ಅವರೇ ಕೇಳಿದರೆ ಮಾತ್ರ ಮುಟ್ಟುವುದು. ಫೋಟೋಶಾಪ್‌ನಲ್ಲಿ ಖಾಲಿ ಲೇಯರ್ (ಫೋಟೋ ಮೇಲೆ ಹಾಸುವ ಪಾರದರ್ಶಕ ಪದರ) ಮೇಲೆ ಕಲೆ ಮುಚ್ಚುವ ಹೀಲಿಂಗ್ ಬ್ರಷ್ ಆಡಿಸಿ, ಮೂಲ ಫೋಟೋ ಹಾಗೇ ಉಳಿಯಲಿ. ಕಣ್ಣ ಕೆಳಗಿನ ಕಪ್ಪಿಗೆ ಬ್ಲರ್ ಬೇಡ. 50 ಶೇಕಡಾ ಬೂದು ತುಂಬಿದ ಲೇಯರನ್ನು ಸಾಫ್ಟ್ ಲೈಟ್ ಮೋಡ್‌ಗೆ ಹಾಕಿ, ಬಿಳಿ ಬ್ರಷ್ಷಿನ ಒಪಾಸಿಟಿ (ದಟ್ಟತೆ) 5 ಶೇಕಡಾ ಇಟ್ಟು ನಿಧಾನ ಸವರಿ. ಚರ್ಮದ ರಂಧ್ರ ಹಾಗೇ ಇರುತ್ತದೆ, ಕಪ್ಪು ತಿಳಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಲೇಯರಿನ ಒಪಾಸಿಟಿ 60ಕ್ಕೆ ಇಳಿಸಿ ನೋಡಿ. ಹೆಚ್ಚಿನ ಸಲ ಅಲ್ಲೇ ಚೆಂದ ಕಾಣುತ್ತದೆ.

ಮದುವೆ ಮಾತುಕತೆಗೆ ಫೋಟೋ ತೆಗೆಸಲು ಬಂದರೆ ಹುಡುಗಿಯ ಅಮ್ಮನೋ ಅತ್ತೆಯೋ "ಸ್ವಲ್ಪ ಬೆಳ್ಳಗೆ ಮಾಡಿ" ಅನ್ನುವುದು ಇದ್ದದ್ದೇ. ನಾನು ಥರ್ಮಾಕೋಲನ್ನು ಇನ್ನೂ ಹತ್ತಿರ ತರುತ್ತೇನೆ, ನೆರಳು ತಿಳಿಯಾಗಿ ಮುಖ ಕಳೆಕಳೆಯಾಗುತ್ತದೆ. ಬಣ್ಣ ಮಾತ್ರ ಬದಲಿಸುವುದಿಲ್ಲ. ನೋಡಲು ಬಂದವರು ಎದುರಿಗೇ ನೋಡುತ್ತಾರಲ್ವಾ?

ಪ್ರಿಂಟ್ ಕಪ್ಪಾಗಿ ಬಂತು ಅಂತ ಲ್ಯಾಬಿನವರನ್ನು ಸುಮ್ನೆ ಬೈಯಬೇಡಿ, ಮೊದಲು ಮಾನಿಟರ್ ಬ್ರೈಟ್‌ನೆಸ್ ಇಳಿಸಿ, ಅದು ಜಾಸ್ತಿ ಇದ್ದರೆ ಕಪ್ಪಾದ ಫೋಟೋನೂ ತಿಳಿಯಾಗಿ ಕಾಣುತ್ತದೆ. ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ (ದಪ್ಪ ರಟ್ಟು) ಪಟ್ಟಿ ಇಡಲು ಹೇಳಿ. ಇಲ್ಲದಿದ್ದರೆ ಎರಡು ಮಳೆಗಾಲ ಕಳೆಯುವುದರೊಳಗೆ ಫೋಟೋ ಗಾಜಿಗೆ ಅಂಟಿಕೊಂಡೀತು. ಅಜ್ಜನ ಫ್ರೇಮಿಗೆ ಪಟ್ಟಿಯನ್ನು ನಾನೇ ಕತ್ತರಿಸಿ ಹಾಕಿದ್ದೆ.