ಮೊದಲ ಸೆಮಿ ಆಟೋಮ್ಯಾಟಿಕ್ ರೈಫಲ್: ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಆರಿಸುವ ಬಗೆ

ಅಮೆರಿಕದಲ್ಲಿ ನೆಲೆಸಿ, ಗುರಿ ಅಭ್ಯಾಸಕ್ಕೋ ಬೇಟೆಗೋ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್ (ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹಾರಿ, ಮುಂದಿನ ತೋಟೆ ತಾನಾಗಿಯೇ ಕೂರುವಂಥದು) ಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನೀವು ಯಾವ ವೀಸಾದ ಮೇಲೆ ಇದ್ದೀರಿ, ಯಾವ ರಾಜ್ಯದಲ್ಲಿ ವಾಸವಾಗಿದ್ದೀರಿ, ಯಾವ ತೋಟೆಯನ್ನು ಯಾವ ಕೆಲಸಕ್ಕೆ ಹೊಡೆಯಲಿದ್ದೀರಿ ಎಂಬ ಮೂರು ಸಂಗತಿಗಳು ಸ್ಪಷ್ಟವಾದರೆ ರೈಫಲಿನ ಮಾದರಿ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ವೀಸಾದ ವಿಷಯವನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಎಚ್‌-1ಬಿ, ಎಲ್‌-1, ಎಫ್‌-1 ಮೊದಲಾದ ವಲಸೆಯೇತರ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ತೋಟೆಗಳನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಉಳ್ಳವರಿಗೆ ವಿನಾಯಿತಿಯೊಂದಿದೆಯಾದರೂ, ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಅದನ್ನು ನಂಬಿ ಹೆಜ್ಜೆಯಿಡುವುದು ವಿವೇಕವಲ್ಲ. ಸ್ನೇಹಿತನ ರೈಫಲನ್ನು ಗುರಿ ಅಭ್ಯಾಸದ ರೇಂಜಿನಲ್ಲಿ ಅರ್ಧ ಗಂಟೆ ಹಿಡಿದದ್ದೂ ಇದೇ ನಿಷೇಧದ ಕೆಳಗೆ ಬರಬಹುದು ಮತ್ತು ಅದರ ಪರಿಣಾಮ ಗ್ರೀನ್ ಕಾರ್ಡಿನ ಅರ್ಜಿಯವರೆಗೂ ಹೋಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಅವರೂ ನಾಗರಿಕರಂತೆಯೇ ಲೈಸೆನ್ಸ್ ಹೊಂದಿದ ಡೀಲರನ ಬಳಿ 4473 ಎಂಬ ನಮೂನೆಯನ್ನು ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಆ ನಮೂನೆಯಲ್ಲಿ ಸುಳ್ಳು ಬರೆಯುವುದೇ ಒಂದು ಅಪರಾಧ. ಬೇರೊಬ್ಬರ ದುಡ್ಡಿನಲ್ಲಿ, ಬೇರೊಬ್ಬರಿಗಾಗಿ, ನಿಮ್ಮ ಹೆಸರಿನಲ್ಲಿ ಕೊಳ್ಳುವುದೂ ಹಾಗೆಯೇ.

ಇನ್ನು ರಾಜ್ಯದ ಮಾತು. ಟೆಕ್ಸಸ್‌ನಲ್ಲಿ ಅಂಗಡಿಯ ಗೋಡೆಯ ಮೇಲೆ ತೂಗುಹಾಕಿರುವ ರೈಫಲನ್ನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲೋ ನ್ಯೂಜೆರ್ಸಿಯ ಎಡಿಸನ್ನಿನಲ್ಲೋ ಇರುವವರು ಅದೇ ರೂಪದಲ್ಲಿ ಕೊಳ್ಳಲಾಗದು. ಕ್ಯಾಲಿಫೋರ್ನಿಯಾದಲ್ಲಿ ಬಿಚ್ಚಬಹುದಾದ ಮ್ಯಾಗಜಿನ್ (ತೋಟೆಗಳ ಡಬ್ಬಿ) ಇರುವ, ತೋಟೆಯ ತಳದ ನಡುವೆ ಹೊಡೆತ ಬೀಳುವ ಸೆಂಟರ್‌ಫೈರ್ ರೈಫಲಿಗೆ ಪಿಸ್ತೂಲಿನಂಥ ಹಿಡಿ, ಉದ್ದ ಬದಲಿಸಬಹುದಾದ ಸ್ಟಾಕ್ (ಭುಜಕ್ಕೊತ್ತುವ ಹಿಂಭಾಗ), ಮೂತಿಯ ಬೆಂಕಿಯ ಮಿಂಚನ್ನು ಮರೆಸುವ ಫ್ಲ್ಯಾಶ್ ಹೈಡರ್ ಮೊದಲಾದವುಗಳಲ್ಲಿ ಒಂದಿದ್ದರೂ ಅದು ನಿಷಿದ್ಧ ವರ್ಗಕ್ಕೆ ಸೇರುತ್ತದೆ. ಇಲಿನಾಯ್ ಮತ್ತು ವಾಷಿಂಗ್ಟನ್ ರಾಜ್ಯಗಳು 2023ರಲ್ಲಿ, ಕೆಳಗೆ ಪರಿಚಯಿಸಿರುವ ಎಆರ್‌-15 ಮಾದರಿಗಳ ಮಾರಾಟವನ್ನೇ ನಿಲ್ಲಿಸಿದವು. ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ (ಬಂದೂಕು ಹೊಂದಲು ರಾಜ್ಯ ಕೊಡುವ ಗುರುತಿನ ಚೀಟಿ) ಇಲ್ಲದೆ ಯಾವ ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ. ಈ ಕಾನೂನುಗಳ ಮೇಲೆ ಮೊಕದ್ದಮೆಗಳು ನಡೆಯುತ್ತಲೇ ಇರುವುದರಿಂದ, ಕೊಳ್ಳುವ ವಾರದಲ್ಲಿ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಪ್ರಕಟಣೆಯನ್ನು ನೀವೇ ಓದಬೇಕು; ಅಂಗಡಿಯವರ ಮಾತೊಂದನ್ನೇ ನೆಚ್ಚಬಾರದು.

ಇದಾದ ಮೇಲೆ ತೋಟೆ. ರೈಫಲಿನ ಆಕಾರಕ್ಕಿಂತ ತೋಟೆಯೇ ನಿಮ್ಮ ಅನುಭವವನ್ನೂ ಖರ್ಚನ್ನೂ ನಿರ್ಧರಿಸುತ್ತದೆ. ಹಿಂದೆಂದೂ ಗುಂಡು ಹಾರಿಸದವರು .22 ಲಾಂಗ್ ರೈಫಲ್ ತೋಟೆಯಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಗುಂಡಿಗೆ ಕೆಲವೇ ಸೆಂಟುಗಳು, ಭುಜಕ್ಕೆ ಒದೆತವಿಲ್ಲ, ಸದ್ದು ಕಡಿಮೆ. ಮೊದಲ ತಿಂಗಳುಗಳಲ್ಲಿ ಕಲಿಯಬೇಕಾದದ್ದು ಉಸಿರು ಹಿಡಿಯುವುದು, ಟ್ರಿಗರನ್ನು ಜರ್ಕ್ ಇಲ್ಲದೆ ಒತ್ತುವುದು, ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚದಿರುವುದು. ಇವೆಲ್ಲ ದೊಡ್ಡ ತೋಟೆಯಲ್ಲಿ ಕಲಿಯಹೊರಟರೆ ದುಡ್ಡೂ ಹೋಗುತ್ತದೆ, ಕೆಟ್ಟ ಅಭ್ಯಾಸವೂ ಅಂಟುತ್ತದೆ. ಈ ವರ್ಗದಲ್ಲಿ ರೂಗರ್ 10/22 ಎಂಬುದು 1964ರಿಂದ ತಯಾರಾಗುತ್ತಿರುವ ಸರಳ ರೈಫಲ್. ಅದರ ಹತ್ತು ತೋಟೆಗಳ ಚಕ್ರಾಕಾರದ ಮ್ಯಾಗಜಿನ್ ಸ್ಟಾಕಿನ ಒಳಗೇ ಅಡಗಿ ಕೂರುತ್ತದೆ, ಮತ್ತು ಕಠಿಣ ಕಾನೂನಿನ ರಾಜ್ಯಗಳಲ್ಲೂ ಮರದ ಸ್ಟಾಕಿನ ಸಾದಾ ರೂಪದಲ್ಲಿ ಅದು ಸಾಮಾನ್ಯವಾಗಿ ಸಿಗುತ್ತದೆ. ಮುಂದೆ ಏನೇ ಕೊಂಡರೂ ಇದನ್ನು ಮಾರುವ ಅಗತ್ಯ ಬರುವುದಿಲ್ಲ.

ಎರಡನೆಯ ರೈಫಲಿಗೆ, ಅಥವಾ ಈಗಾಗಲೇ ಅಭ್ಯಾಸವಿರುವವರ ಮೊದಲ ರೈಫಲಿಗೆ, ಕಾನೂನು ಒಪ್ಪುವ ರಾಜ್ಯಗಳಲ್ಲಿ ಎಆರ್‌-15 ಮಾದರಿಯೇ ಸಮಂಜಸವಾದ ಆಯ್ಕೆ. ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದ ಹಕ್ಕನ್ನು 1959ರಲ್ಲಿ ಕೋಲ್ಟ್ ಕೊಂಡಿತು. ಈಗ ಹತ್ತಾರು ಕಂಪನಿಗಳು ಅದೇ ಅಳತೆಯಲ್ಲಿ ತಯಾರಿಸುವುದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ರಿಪೇರಿಗಾಗಲಿ ಬಿಡಿಭಾಗಕ್ಕಾಗಲಿ ಒಂದು ಕಂಪನಿಯನ್ನೇ ಕಾಯಬೇಕಾಗಿಲ್ಲ. ಒದೆತ ಕಡಿಮೆ, ತೂಕ ಸುಮಾರು ಮೂರು ಕಿಲೋ, ಸ್ಟಾಕನ್ನು ಹಿಂದೆ ಮುಂದೆ ಸರಿಸಬಹುದಾದ್ದರಿಂದ ಗಂಡ ಹೆಂಡತಿ ಇಬ್ಬರ ಭುಜಕ್ಕೂ ಒಂದೇ ರೈಫಲ್ ಹೊಂದುತ್ತದೆ. ಈ ಕೊನೆಯ ಗುಣವನ್ನು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉದ್ದ ಸ್ಟಾಕಿನ ರೈಫಲನ್ನು ಗಿಡ್ಡ ಕೈಯವರು ಹಿಡಿದರೆ ಮೈ ಹಿಂದಕ್ಕೆ ವಾಲಿ ಗುರಿಯೇ ನಿಲ್ಲುವುದಿಲ್ಲ.

ಅಂಗಡಿಯಲ್ಲಿ ಎಆರ್ ನೋಡುವಾಗ ಮೇಲಿನ ಹೊಳಪನ್ನು ಬಿಟ್ಟು ನಳಿಗೆಯ ಮೇಲೆ ಕೊರೆದಿರುವ ಅಕ್ಷರಗಳನ್ನು ಓದಿ. ಸಾಮಾನ್ಯವಾಗಿ ಅಲ್ಲಿ 5.56 ನೇಟೋ, 1:7 ಎಂಬಂಥ ಬರಹವಿರುತ್ತದೆ. ಮೊದಲನೆಯದು ತೋಟೆ ಕೂರುವ ಕೋಣೆಯ, ಅಂದರೆ ಚೇಂಬರಿನ, ಅಳತೆ. 5.56 ಚೇಂಬರಿನಲ್ಲಿ .223 ರೆಮಿಂಗ್ಟನ್ ತೋಟೆಯನ್ನು ನಿಶ್ಚಿಂತೆಯಿಂದ ಹೊಡೆಯಬಹುದು; .223 ಎಂದಷ್ಟೇ ಬರೆದಿರುವ ಚೇಂಬರಿನಲ್ಲಿ 5.56 ತೋಟೆ ಹೊಡೆದರೆ ಒತ್ತಡ ಮಿತಿಮೀರಬಹುದು. .223 ವೈಲ್ಡ್ ಎಂಬ ಚೇಂಬರ್ ಎರಡಕ್ಕೂ ಒದಗುತ್ತದೆ. ಎರಡನೆಯ ಸಂಖ್ಯೆ ನಳಿಗೆಯೊಳಗಿನ ಸುರುಳಿ ಗೀರಿನದು: 1:7 ಎಂದರೆ ಗುಂಡು ಏಳು ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ಸುತ್ತುತ್ತದೆ. ಹೆಚ್ಚು ಮಾರಾಟವಾಗುವ 55 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಹಗುರ ಗುಂಡಿನಿಂದ 77 ಗ್ರೇನಿನ ಭಾರದ ಗುಂಡಿನವರೆಗೆ 1:8 ಚೆನ್ನಾಗಿ ನಿಭಾಯಿಸುತ್ತದೆ. ಆಯ್ಕೆಯಿದ್ದರೆ ಅದನ್ನೇ ಕೇಳಿ. ನಳಿಗೆ 16 ಇಂಚಿರಲಿ. ಅದಕ್ಕಿಂತ ಗಿಡ್ಡ ನಳಿಗೆಯ ರೈಫಲ್ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಪ್ರಕಾರ ಮುಂಚಿತವಾಗಿ ನೋಂದಣಿಯಾಗಬೇಕು. 16 ಇಂಚಿನ ನಳಿಗೆಗೆ ಮಿಡ್‌-ಲೆಂಗ್ತ್ ಗ್ಯಾಸ್ ವ್ಯವಸ್ಥೆಯಿದ್ದರೆ, ಮುಂದಿನ ತೋಟೆಯನ್ನು ತುಂಬಿಸುವ ಅನಿಲ ನಳಿಗೆಯ ತುಸು ಮುಂದಿನಿಂದ ಹೊರಟು ಕಡಿಮೆ ಒತ್ತಡದಲ್ಲಿ ಹಿಂದಕ್ಕೆ ಬರುವುದರಿಂದ, ರೈಫಲ್ ಮೆತ್ತಗೆ ಕೆಲಸ ಮಾಡುತ್ತದೆ. ಆ ಅನಿಲ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಒಳಗೇ ನುಗ್ಗಿ ಮಸಿ ಹಿಡಿಸುತ್ತದೆಯಾದ್ದರಿಂದ ಎಣ್ಣೆ ಹಾಕುವುದರಲ್ಲಿ ಜಿಪುಣತನ ಬೇಡ.

ಬೇಟೆಯೇ ಮುಖ್ಯವಾದರೆ ಮಾತು ಬದಲಾಗುತ್ತದೆ. ವರ್ಜೀನಿಯಾದಲ್ಲಿ ಜಿಂಕೆಗೆ .23ಕ್ಕಿಂತ ಚಿಕ್ಕ ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ವ್ಯಾಸ) ಸಲ್ಲದು, ಕೊಲರಾಡೊದಲ್ಲಿ .24ಕ್ಕಿಂತ ಚಿಕ್ಕದು ಸಲ್ಲದು. ಎಂದರೆ ಸುಮಾರು .22 ಇಂಚಿನ 5.56 ಎರಡೂ ಕಡೆ ಹೊರಗುಳಿಯಿತು. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ ಆಟೋಮ್ಯಾಟಿಕ್ ರೈಫಲನ್ನೇ ಬಳಸುವಂತಿಲ್ಲ. .308 ತೋಟೆಯ ಎಆರ್‌-10 ಮಾದರಿಗಳು ಜಿಂಕೆಗೆ ಸಾಕಷ್ಟು ಬಲವುಳ್ಳವು, ಆದರೆ ನಾಲ್ಕು ಕಿಲೋ ದಾಟುವ ತೂಕವನ್ನು ಇಡೀ ದಿನ ಗುಡ್ಡ ಹತ್ತಿಸುವುದು ಕಷ್ಟ. ತೋಟೆಯ ಬೆಲೆಯೂ ಹೆಚ್ಚು, ಎಆರ್‌-15ರಂತೆ ಎಲ್ಲ ಕಂಪನಿಗಳ ಭಾಗಗಳೂ ಪರಸ್ಪರ ಕೂರುವುದಿಲ್ಲ. ಕೇವಲ ಬೇಟೆಗಾದರೆ, ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತುಂಬುವ ಬೋಲ್ಟ್ ಆಕ್ಷನ್ ರೈಫಲೇ ಮೇಲು.

ಕಲಾಶ್ನಿಕೋವ್ ಅಥವಾ ಎಕೆ ಮಾದರಿಯ ರೈಫಲಿಗೆ ಕೆಸರು ಧೂಳಿನಲ್ಲೂ ನಡೆಯುತ್ತದೆಂಬ ಹೆಸರಿದೆ. ಆದರೆ 2021ರಲ್ಲಿ ಅಮೆರಿಕ ರಷ್ಯಾದ ತೋಟೆಗಳಿಗೆ ಹೊಸ ಆಮದು ಪರವಾನಗಿ ನಿಲ್ಲಿಸಿದ ಮೇಲೆ ಅದರ 7.62×39 ತೋಟೆ ಮೊದಲಿನಷ್ಟು ಅಗ್ಗವಾಗಿ ಉಳಿದಿಲ್ಲ, ಮತ್ತು ತಯಾರಿಕೆಯ ಗುಣಮಟ್ಟ ಕಂಪನಿಯಿಂದ ಕಂಪನಿಗೆ ಬಹಳ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಸಾಂಪ್ರದಾಯಿಕ ಸ್ಟಾಕಿನ ರೂಗರ್ ಮಿನಿ-14 ಯೋಗ್ಯವಾದ ದಾರಿ. ಎಆರ್‌ನಷ್ಟು ನಿಖರವಲ್ಲವಾದರೂ ಅದೇ ತೋಟೆ ಹೊಡೆಯುತ್ತದೆ. ಇತಿಹಾಸದಲ್ಲಿ ಆಸಕ್ತಿಯಿರುವವರಿಗೆ 1936ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಎಂ1 ಗ್ಯಾರಂಡ್ ಇದೆ. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಅದನ್ನು ನಾಗರಿಕತ್ವದ ದಾಖಲೆ ನೋಡಿ ಮಾರುತ್ತದೆ. ಎಂಟು ತೋಟೆಗಳ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಮೇಲಿನಿಂದ ಒತ್ತಿ ಕೂರಿಸುವಾಗ ಅಂಗೈಯ ಅಂಚಿನಿಂದ ಆಪರೇಟಿಂಗ್ ರಾಡಿನ ಹಿಡಿಯನ್ನು ತಡೆದು ಹಿಡಿಯಬೇಕು. ಇಲ್ಲದಿದ್ದರೆ ಬೋಲ್ಟ್ ರಪ್ಪನೆ ಮುಂದೆ ಬಂದು ಉಗುರು ಕಪ್ಪಾಗುವಂತೆ ಹೆಬ್ಬೆರಳನ್ನು ಹಿಡಿಯುತ್ತದೆ. ಹೊಸಬರಿಗೆ ಇದು ಬೇಡ.

ಸಿದ್ಧ ರೈಫಲ್ ಕೊಳ್ಳುವುದೋ, ಭಾಗಗಳನ್ನು ತರಿಸಿ ಜೋಡಿಸುವುದೋ? ನಿಮ್ಮ ಮೊದಲ ರೈಫಲನ್ನು ಸಿದ್ಧವಾಗಿಯೇ ಕೊಳ್ಳಿ. ಕಾರ್ಖಾನೆಯ ರೈಫಲಿಗೆ ವಾರಂಟಿಯಿದೆ, ಬೋಲ್ಟ್ ಮತ್ತು ಚೇಂಬರಿನ ನಡುವಿನ ಅಂತರವನ್ನು ಯಾರೋ ಗೇಜಿಟ್ಟು ಪರೀಕ್ಷಿಸಿರುತ್ತಾರೆ, ತೋಟೆ ಸಿಕ್ಕಿಕೊಂಡರೆ ದೋಷ ನಿಮ್ಮ ಜೋಡಣೆಯದೋ ಭಾಗದ್ದೋ ಎಂಬ ಗೊಂದಲವಿರುವುದಿಲ್ಲ. ಜೋಡಿಸಿದರೆ ಅಗ್ಗವೆಂಬ ಮಾತು ಉಪಕರಣಗಳ ಬೆಲೆ ಸೇರಿಸಿದ ಮೇಲೆ ಹೆಚ್ಚಾಗಿ ನಿಲ್ಲುವುದಿಲ್ಲ. ಎರಡನೆಯ ರೈಫಲನ್ನು ಜೋಡಿಸುವ ಆಸೆಯಿದ್ದರೆ ಎಆರ್ ಒಂದೇ ಅದಕ್ಕೆ ತಕ್ಕದ್ದು. ಎಕೆಯ ಭಾಗಗಳನ್ನು ಪ್ರೆಸ್ ಬಳಸಿ ರಿವೆಟ್ ಮಾಡಬೇಕಾದ್ದರಿಂದ ಅದು ಮನೆಯ ಕೆಲಸವಲ್ಲ. ಎಆರ್‌ನಲ್ಲಿ ಸೀರಿಯಲ್ ಸಂಖ್ಯೆಯಿರುವ ಲೋಯರ್ ರಿಸೀವರನ್ನೇ (ಟ್ರಿಗರ್ ಕೂರುವ ಕೆಳಚೌಕಟ್ಟು) ಕಾನೂನು ಬಂದೂಕು ಎಂದು ಪರಿಗಣಿಸುವುದರಿಂದ ಅದು ಡೀಲರ್ ಮೂಲಕವೇ ಬರಬೇಕು, ಮತ್ತು ಅದನ್ನು ಬಿಡಿಯಾಗಿ ಕೊಳ್ಳಲು 21 ವರ್ಷ ತುಂಬಿರಬೇಕು. ಕಾರ್ಖಾನೆಯಲ್ಲೇ ಜೋಡಿಸಿ ಪರೀಕ್ಷಿಸಿದ ಅಪ್ಪರನ್ನು (ನಳಿಗೆ, ಬೋಲ್ಟ್ ಇರುವ ಮೇಲ್ಭಾಗ) ಕೊಂಡು ಲೋಯರಿಗೆ ಸೇರಿಸುವುದು ಮಧ್ಯದ ದಾರಿ. ಹೊಡೆಯುವ ಮೊದಲು ಗನ್‌ಸ್ಮಿತ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಸೀರಿಯಲ್ ಸಂಖ್ಯೆಯಿಲ್ಲದ ಅರೆಸಿದ್ಧ ಕಿಟ್‌ಗಳಿಂದ ದೂರವಿರಿ. ಒಮ್ಮೆ ಟ್ರಿಗರ್ ಒತ್ತಿದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರುವಂತೆ ಮಾಡುವ ಯಾವ ವಸ್ತುವೂ ಫೆಡರಲ್ ಜೈಲಿನ ದಾರಿಯೆಂಬುದು ನೆನಪಿರಲಿ.

ಕೊಡಗಿನಲ್ಲೋ ಮಲೆನಾಡಿನಲ್ಲೋ ತೋಟೆ ಕೋವಿ ನೋಡಿ ಬೆಳೆದವರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಜೋಡುನಳಿಗೆಯ ಕೋವಿಯನ್ನು ಮಡಚಿದರೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಸೆಮಿ ಆಟೋಮ್ಯಾಟಿಕ್ ರೈಫಲಿನಲ್ಲಿ ಹಾಗಿಲ್ಲ: ಮ್ಯಾಗಜಿನ್ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ತೋಟೆ ಕೂತಿರಬಹುದು. ಆದ್ದರಿಂದ ಅಂಗಡಿಯಲ್ಲಿ ಕೈಗೆ ಕೊಟ್ಟಾಗಲೂ ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಮೊದಲು ಮ್ಯಾಗಜಿನ್ ತೆಗೆದು, ಅನಂತರ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರಿನೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಈ ಕ್ರಮ ಹಿಂದುಮುಂದಾದರೆ ಮ್ಯಾಗಜಿನ್ನಿನಿಂದ ಇನ್ನೊಂದು ತೋಟೆ ಒಳಗೆ ಸೇರಿಕೊಳ್ಳುತ್ತದೆ.

ದುಡ್ಡು ಕೊಡುವ ಮೊದಲು, ಬಾಡಿಗೆಗೆ ರೈಫಲ್ ಕೊಡುವ ರೇಂಜಿನಲ್ಲಿ ನೀವು ಆರಿಸಿರುವ ಮಾದರಿಯನ್ನು ಒಮ್ಮೆಯಾದರೂ ಹೊಡೆದು ನೋಡಿ. ಎಡಗೈಯವರು ಖಾಲಿ ತೋಟೆಗಳು ಮುಖದ ಕಡೆ ಹಾರುತ್ತವೆಯೇ ಎಂದು ಗಮನಿಸಲಿ. ಬಜೆಟ್ಟಿನಲ್ಲಿ ರೈಫಲಿನ ಜೊತೆಗೆ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ತರಬೇತಿಯ ಶುಲ್ಕ, ಮೊದಲ ಕೆಲವು ನೂರು ತೋಟೆಗಳು ಮತ್ತು ಬೀಗವಿರುವ ಉಕ್ಕಿನ ಪೆಟ್ಟಿಗೆ ಇರಲೇಬೇಕು. ಪೆಟ್ಟಿಗೆಗೆ ದುಡ್ಡು ಸಾಲದಿದ್ದರೆ ಅಗ್ಗದ ರೈಫಲ್ ಆರಿಸಿ, ಪೆಟ್ಟಿಗೆಯನ್ನು ಬಿಡಬೇಡಿ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಕಾರ್ಯಕ್ರಮದ ಮೂಲಕ ಅನೇಕ ಊರುಗಳ ಪೊಲೀಸ್ ಠಾಣೆಗಳಲ್ಲಿ ಉಚಿತ ಕೇಬಲ್ ಬೀಗ ಸಿಗುತ್ತದೆಯಾದರೂ ಅದು ಪೆಟ್ಟಿಗೆಗೆ ಬದಲಿಯಲ್ಲ. ತೋಟೆಗಳಿಗೆ ಬೇರೆ ಬೀಗವಿರಲಿ, ಬೀಗದ ಸಂಖ್ಯೆ ಮಕ್ಕಳ ಹುಟ್ಟಿದ ದಿನವಾಗಿರದಿರಲಿ. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ ಈ ಖರೀದಿಯನ್ನು ಮುಂದಕ್ಕೆ ಹಾಕಿ. ರೈಫಲ್ ಈಗಾಗಲೇ ಇದ್ದರೆ ಅವರು ಚೇತರಿಸಿಕೊಳ್ಳುವವರೆಗೆ ಅದನ್ನು ಮನೆಯಿಂದ ಹೊರಗೆ, ನಿಮ್ಮ ರಾಜ್ಯದ ಕಾನೂನು ಒಪ್ಪುವ ಕಡೆ ಇರಿಸಿ. ಉಳಿದವರು ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಮಾಡಿಸಿದ ಮೇಲೆ ಡೀಲರನ ಬಳಿ ಹೋಗಬಹುದು.