ಉಡುಪಿನ ಬ್ರ್ಯಾಂಡ್ ಜೊತೆಗೆ ಫ್ಯಾಷನ್ ಆಭರಣ: ಎಲ್ಲಿಂದ ಆರಂಭಿಸಬೇಕು?

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕೈಮಗ್ಗದ ಕುರ್ತಾಗಳನ್ನು ಮಾರುವ ಸಣ್ಣ ಬ್ರ್ಯಾಂಡ್‌ಗಳು ಫ್ಯಾಷನ್ ಆಭರಣಕ್ಕೆ ಕೈಹಾಕಿದಾಗ, ಸಗಟು ಪೇಟೆಯಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನೆಲ್ಲ ತಂದು ಪೇರಿಸುವುದೇ ಹೆಚ್ಚು. ಅದೇ ಜುಮುಕಿ ಪಕ್ಕದ ಅಂಗಡಿಯಲ್ಲೂ ತೂಗಾಡುತ್ತಿದ್ದರೆ ಗ್ರಾಹಕರು ನಿಮ್ಮಲ್ಲೇ ಕೊಳ್ಳಲು ಕಾರಣವಿರುವುದಿಲ್ಲ. ಹಾಗಾಗಿ ನೀವು ಈಗಾಗಲೇ ಮಾರುತ್ತಿರುವ ಬಟ್ಟೆಯ ಬಣ್ಣ, ಅಂಚು ಮತ್ತು ಕುತ್ತಿಗೆಯ ವಿನ್ಯಾಸವನ್ನು ಎದುರಿಗಿಟ್ಟುಕೊಂಡೇ ಒಡವೆಯನ್ನು ಆರಿಸಬೇಕು.

ಮೊದಲು ಓಲೆಗಳನ್ನಷ್ಟೇ ತನ್ನಿ. ಬಳೆಗೆ 2-4, 2-6, 2-8 ಎಂಬ ಅಳತೆಗಳಿರುವುದರಿಂದ ಆರು ವಿನ್ಯಾಸಗಳೆಂದರೆ ಹದಿನೆಂಟು ಬಗೆಯ ದಾಸ್ತಾನು. ಓಲೆಗೆ ಆ ತಾಪತ್ರಯವಿಲ್ಲ. ಹೊಲಿಗೆಯಲ್ಲಿ ಉಳಿಯುವ ಖಣದ ತುಂಡುಗಳನ್ನು ಗಟ್ಟಿ ರಟ್ಟಿಗೋ ಮರದ ಬಿಲ್ಲೆಗೋ ಅಂಟಿಸಿ ಓಲೆ ಮಾಡಿಸಿದರೆ, ಕುಪ್ಪಸಕ್ಕೂ ಕಿವಿಗೂ ಒಂದೇ ನೇಯ್ಗೆ ಸಿಗುತ್ತದೆ ಮತ್ತು ಬೇರೆಯವರು ಅದನ್ನು ನಕಲು ಮಾಡುವುದು ಸುಲಭವಲ್ಲ.

ಚನ್ನಪಟ್ಟಣದ ಅರಗಿನ ಮಣಿಗಳು ಬಣ್ಣ ಹೊಂದಿಸುವವರಿಗೆ ದೊಡ್ಡ ಅನುಕೂಲ. ಹಾಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಿಸಿಗೆ ಕರಗುವ, ಮದ್ಯಸಾರಕ್ಕೂ ಕರಗುವ ವಸ್ತುವಾದ್ದರಿಂದ, ಸುಗಂಧದ್ರವ್ಯ ತಾಗಿಸಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು ಎಂಬ ಸೂಚನೆಯನ್ನು ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಿ.

ಲೋಹದ ಒಡವೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಜರ್ಮನ್ ಸಿಲ್ವರ್ ಎನ್ನುವುದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ. ಅದರಲ್ಲಿ ಬೆಳ್ಳಿಯಿಲ್ಲ, ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅದನ್ನು ಬೆಳ್ಳಿಯೆಂದು ಕರೆದು ಮಾರುವುದು ಮೋಸವೇ ಸರಿ. ಮಾದರಿ ಬಂದೊಡನೆ ಉಪ್ಪುನೀರಿನಲ್ಲಿ ನೆನೆಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಅದನ್ನು ಸುತ್ತಿ ರಾತ್ರಿಯಿಡೀ ಇಡಿ. ಹಸಿರು ಕಲೆ ಬಿದ್ದರೆ ಲೇಪದಡಿಯ ತಾಮ್ರ ಹೊರಬಂದಿದೆ ಎಂದರ್ಥ, ಬೆವರಿಗೂ ಅದು ನಿಲ್ಲುವುದಿಲ್ಲ. ಬಳಿಕ ಕೊಕ್ಕೆಯ ತುದಿಯನ್ನು ರೇಷ್ಮೆ ಸೆರಗಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಆ ಮಾದರಿಯನ್ನು ವಾಪಸು ಕಳಿಸಿ, ಏಕೆಂದರೆ ಇನ್ನೂರು ರೂಪಾಯಿಯ ಓಲೆ ಮೂರು ಸಾವಿರದ ಸೀರೆಯನ್ನು ಕೆಡಿಸಿದರೆ ಹೋಗುವುದು ಸೀರೆಯ ಹೆಸರು. ಸಗಟು ಮಾರಾಟಗಾರರು ಈ ಪರೀಕ್ಷೆಯನ್ನು ಕಂಡು ನಗಬಹುದು, ನಗಲಿ.

ಬಟ್ಟೆ ಮತ್ತು ಒಡವೆಯನ್ನು ಒಂದೇ ಬೆಲೆಗೆ ಸೆಟ್ ಮಾಡಿ ಮಾರುವ ಮುನ್ನ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳಿ. ಕೃತಕ ಆಭರಣಕ್ಕೆ ಶೇ. 3ರ ತೆರಿಗೆಯಿದೆ, ಸಿದ್ಧ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ. 5, ಅದಕ್ಕೂ ಮೇಲ್ಪಟ್ಟರೆ ಶೇ. 18. ಬೇರೆಬೇರೆಯಾಗಿ ಮಾರಬಹುದಾದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆ ಇಟ್ಟರೆ, ಅವುಗಳಲ್ಲಿ ಹೆಚ್ಚಿನ ದರವೇ ಇಡೀ ಸೆಟ್ಟಿಗೆ ಅನ್ವಯವಾಗುತ್ತದೆ. ಹಾಗಾಗಿ ದುಬಾರಿ ಕುರ್ತಾದೊಂದಿಗೆ ಸೇರಿದ ಓಲೆಗೂ ಶೇ. 18 ಬೀಳುತ್ತದೆ, ಬಿಲ್ಲಿನಲ್ಲಿ ಎರಡಕ್ಕೂ ಪ್ರತ್ಯೇಕ ಬೆಲೆ ನಮೂದಿಸುವುದೇ ಲೇಸು.

ಫೋಟೊವನ್ನು ಬಿಳಿ ಹಿನ್ನೆಲೆಯಲ್ಲಿ ಒಂದು, ಆಯಾ ಬಟ್ಟೆಯನ್ನು ಉಟ್ಟವರ ಕಿವಿಯಲ್ಲಿ ಒಂದು ತೆಗೆಸಿ, ತೂಕವನ್ನು ಗ್ರಾಂನಲ್ಲಿ ಬರೆಯಿರಿ. ಎರಡನೆಯ ಸಲ ತರಿಸುವಾಗ ಒಟ್ಟು ಎಷ್ಟು ಓಲೆ ಖರ್ಚಾಯಿತು ಎನ್ನುವುದಕ್ಕಿಂತ, ಬಟ್ಟೆಯ ಜೊತೆಗೇ ಎಷ್ಟು ಹೋಯಿತು ಎಂಬುದನ್ನು ಬಿಲ್ಲುಗಳಿಂದ ತೆಗೆದು ನೋಡಿ. ಬಟ್ಟೆಯೊಂದಿಗೆ ಹೋಗದ ವಿನ್ಯಾಸಗಳನ್ನು ಮತ್ತೆ ತರಿಸಬೇಡಿ.